ಮನೆಗೆ ಬಂದ ಬೆಕ್ಕಿನ ಮರಿಯ ಮೊದಲ ಆರು ತಿಂಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಂಪೌಂಡಿನ ಮೂಲೆಯಲ್ಲಿ ಸಿಕ್ಕಿದ್ದೋ, ಪಕ್ಕದ ಮನೆಯವರು ಕೊಟ್ಟಿದ್ದೋ, ದುಡ್ಡು ಕೊಟ್ಟು ತಂದ ಪರ್ಷಿಯನ್ನೋ, ಮರಿ ಯಾವುದಾದರೂ ಮೊದಲ ಆರು ತಿಂಗಳ ಲೆಕ್ಕ ಒಂದೇ. ಆ ಲೆಕ್ಕಕ್ಕೆ ಎರಡು ಅಂಕಿ ಬೇಕು: ವಯಸ್ಸು ಮತ್ತು ತೂಕ. ಲಸಿಕೆಯ ದಿನ ವಯಸ್ಸಿನ ಮೇಲೆ, ಔಷಧದ ಪ್ರಮಾಣ ತೂಕದ ಮೇಲೆ. ಹಾಗಾಗಿ ಶುರು ಅಲ್ಲಿಂದಲೇ.

ಮರಿ ಯಾವಾಗ ಹುಟ್ಟಿದ್ದೋ ಗೊತ್ತಿಲ್ಲ. ವಯಸ್ಸು ಹೇಗೆ ಹೇಳೋದು?

ಬಾಯಿ ತೆರೆದು ನೋಡಿ. ಕಣ್ಣು ಬಿಡುವುದು 7ರಿಂದ 14 ದಿನಕ್ಕೆ. ಮುಂದಿನ ಪುಟ್ಟ ಬಾಚಿಹಲ್ಲುಗಳು ಮೂರನೇ ವಾರದ ಸುಮಾರಿಗೆ ಕಾಣುತ್ತವೆ, ಕೋರೆಹಲ್ಲು ನಾಲ್ಕನೇ ವಾರದ ಹೊತ್ತಿಗೆ. ದವಡೆಯ ಹಾಲುಹಲ್ಲುಗಳೂ ಬಂದಿದ್ದರೆ ಆರು ವಾರ ದಾಟಿದೆ ಅಂದುಕೊಳ್ಳಿ. ಆರು-ಏಳು ವಾರದವರೆಗೆ ಎಲ್ಲ ಮರಿಗಳ ಕಣ್ಣೂ ನೀಲಿ ಛಾಯೆಯಲ್ಲೇ ಇರುತ್ತದೆ. ಆಮೇಲೆ ಹೆಚ್ಚಿನವುಗಳಲ್ಲಿ ಹಳದಿಯೋ ಹಸಿರೋ ಆಗಿ ತಿರುಗುತ್ತದೆ. ಮುಂದಿನ ಹಾಲುಹಲ್ಲು ಬಿದ್ದು ದೊಡ್ಡ ಹಲ್ಲು ಮೂಡುತ್ತಿದ್ದರೆ ನಾಲ್ಕು ತಿಂಗಳ ಆಸುಪಾಸು.

ತೂಕ ನೋಡಿ ವಯಸ್ಸು ಹೇಳಲು ಹೋಗಬೇಡಿ. ಚೆನ್ನಾಗಿ ಹಾಲು ಕುಡಿದು ಬೆಳೆದ ಮರಿ ಒಂದು ತಿಂಗಳಿಗೆ 450 ಗ್ರಾಂ, ಎರಡು ತಿಂಗಳಿಗೆ 900 ಗ್ರಾಂ ಹತ್ತಿರ ಇರಬಹುದು. ಬೀದಿಯಲ್ಲಿ ಸಿಕ್ಕ, ಜಂತು ತುಂಬಿದ ಮರಿ ಎರಡು ತಿಂಗಳಿಗೂ ಅರ್ಧ ಕೆ.ಜಿ. ಇರುತ್ತದೆ. ಹಲ್ಲು ಅಷ್ಟು ಸುಳ್ಳು ಹೇಳುವುದಿಲ್ಲ.

ತೂಕ ಹಾಕೋದು ಹೇಗೆ? ಒಂದು ಕಡೆ ನಿಲ್ಲೋದೇ ಇಲ್ಲ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಅದರ ಮೇಲೆ ಆಳವಾದ ಡಬ್ಬಿಯಿಟ್ಟು ಸೊನ್ನೆ ಮಾಡಿ, ಮರಿಯನ್ನು ಒಳಗೆ ಬಿಡಿ. ಮೊದಲ ತಿಂಗಳು ದಿನವೂ, ಆಮೇಲೆ ವಾರಕ್ಕೊಮ್ಮೆ, ಅದೇ ಹೊತ್ತಿಗೆ ತೂಗಿ ಬರೆದಿಡಿ. ಪುಟ್ಟ ಮರಿ ದಿನಕ್ಕೆ 10–15 ಗ್ರಾಂ ಏರಬೇಕು. ಒಂದು ದಿನ ಏರದಿದ್ದರೆ ಗಮನವಿಡಿ. ಎರಡನೇ ದಿನವೂ ನಿಂತರೆ ಅಥವಾ ಇಳಿದರೆ ಮರಿ ಆಡುತ್ತಿದ್ದರೂ ತೋರಿಸಿ. ಕಾಯಿಲೆ ಕಣ್ಣಿಗೆ ಕಾಣುವ ಒಂದೆರಡು ದಿನ ಮೊದಲೇ ತಕ್ಕಡಿಗೆ ಗೊತ್ತಾಗುತ್ತದೆ.

ಮೊದಲ ಭೇಟಿಗೆ ಯಾವಾಗ, ಎಲ್ಲಿಗೆ, ಏನು ತಗೊಂಡು ಹೋಗಬೇಕು?

ತಂದ ಎರಡು-ಮೂರು ದಿನದೊಳಗೆ. ವಾಂತಿ, ಬೇಧಿ, ಅಂಟಿಕೊಂಡ ಕಣ್ಣು ಇದ್ದರೆ ಅಂದೇ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬೆಕ್ಕಿನ ಲಸಿಕೆ ಯಾವಾಗಲೂ ಇರುತ್ತದೆ ಎಂದುಕೊಳ್ಳಬೇಡಿ, ಮೊದಲು ಫೋನ್ ಮಾಡಿ ಕೇಳಿ. ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಗದಗದ ಹತ್ತಿರ ಇರುವವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜುಗಳೂ ಇವೆ.

ಅಂದಿನ ಮಲವನ್ನು ಚಿಕ್ಕ ಡಬ್ಬಿಯಲ್ಲಿ ಒಯ್ಯಿರಿ, ಕಡಲೆಕಾಳಿನಷ್ಟು ಸಾಕು. ಮರಿಯನ್ನು ಗಾಳಿಯಾಡುವ ಕ್ಯಾರಿಯರ್‌ನಲ್ಲಿ ಅಥವಾ ಮುಚ್ಚಳ ಭದ್ರವಾಗಿರುವ ಬುಟ್ಟಿಯಲ್ಲಿ, ಅದು ಮಲಗುವ ಬಟ್ಟೆ ಹಾಸಿ ಇಡಿ. ಎದೆಗವಚಿಕೊಂಡು ಸ್ಕೂಟರ್ ಮೇಲೆ ಹೋಗಬೇಡಿ, ಒಂದು ಹಾರ್ನ್‌ಗೆ ಜಿಗಿದು ರಸ್ತೆಗೆ ಬೀಳುತ್ತದೆ. ಆಸ್ಪತ್ರೆಯಲ್ಲೂ ನೆಲದ ಮೇಲೆ ಬಿಡಬೇಡಿ, ಬುಟ್ಟಿಯನ್ನು ಬೆಂಚಿನ ಮೇಲೆ ಅಥವಾ ತೊಡೆಯ ಮೇಲೆ ಇಟ್ಟುಕೊಳ್ಳಿ. ಅದೇ ನೆಲದ ಮೇಲೆ ಹಿಂದಿನ ಗಂಟೆ ಯಾವ ಬೆಕ್ಕು ವಾಂತಿ ಮಾಡಿತ್ತೋ ನಿಮಗೆ ಗೊತ್ತಿರುವುದಿಲ್ಲ.

ವೈದ್ಯರು ಒಸಡಿನ ಬಣ್ಣ, ಅಂಗುಳಲ್ಲಿ ಸೀಳು, ಹೊಕ್ಕುಳಿನ ಬಳಿ ಹರ್ನಿಯಾ, ಎದೆಬಡಿತ, ಕಿವಿ ಎಲ್ಲ ನೋಡಬೇಕು. ಕಿವಿಯಲ್ಲಿ ಕಾಫಿಪುಡಿಯಂಥ ಒಣ ಕಪ್ಪು ಕಸ ಇದ್ದರೆ ಅದು ಸಾಮಾನ್ಯವಾಗಿ ಕಿವಿನುಸಿ. ಬಡ್ಸ್ ಹಾಕಿ ಕೆದಕಿದರೆ ಕಸ ಇನ್ನೂ ಒಳಗೆ ಹೋಗುತ್ತದೆ ಅಷ್ಟೆ.

ಮನೆಯಲ್ಲಿ ಆಗಲೇ ಒಂದು ಬೆಕ್ಕಿದೆ. ಒಟ್ಟಿಗೆ ಬಿಡಬಹುದಾ?

ಎರಡು ವಾರ ಬೇಡ. ಬೇರೆ ಕೋಣೆ, ಬೇರೆ ತಟ್ಟೆ, ಮಲಮೂತ್ರಕ್ಕೆ ಮಣ್ಣು ಹಾಕಿಡುವ ಟ್ರೇಯೂ ಬೇರೆ. ಹಳೆಯ ಬೆಕ್ಕಿಗೆ ಮೊದಲು ಊಟ ಹಾಕಿ, ಮರಿಯ ಕೋಣೆಗೆ ಕೊನೆಗೆ ಹೋಗಿ, ಬಂದು ಸೋಪಿನಲ್ಲಿ ಕೈ ತೊಳೆದುಕೊಳ್ಳಿ.

ಎಲ್ಲಕ್ಕಿಂತ ಹೆದರಬೇಕಾದ್ದು ಪ್ಯಾನ್‌ಲ್ಯೂಕೋಪೀನಿಯಾಕ್ಕೆ. ಆಡುಮಾತಿನಲ್ಲಿ ಬೆಕ್ಕಿನ ಪಾರ್ವೊ, ವಾಂತಿ-ಬೇಧಿ ತಂದು ಕೊಲ್ಲುವ ವೈರಸ್ ಕಾಯಿಲೆ. ಮನೆಯೊಳಗೆ ಈ ವೈರಸ್ ಒಂದು ವರ್ಷದವರೆಗೂ ಸಾಯದೆ ಉಳಿಯಬಲ್ಲದು, ಚಪ್ಪಲಿಯಲ್ಲೇ ಒಳಗೆ ಬರಬಲ್ಲದು. ಹಿಂದಿನ ಮರಿ ವಾಂತಿ-ಬೇಧಿಯಾಗಿ ಸತ್ತ ಮನೆಗೆ ಹೊಸದನ್ನು ತರುವ ಮುನ್ನ ಅದಕ್ಕೆ ಲಸಿಕೆಯ ಸರಣಿ ಮುಗಿದಿರಬೇಕು.

ನೆಲವನ್ನು ದಿನಾ ಫಿನಾಯಿಲ್ ಹಾಕಿ ಒರೆಸ್ತೀವಿ. ಸಾಲದಾ?

ಸಾಲದಿರುವುದು ಒಂದು ಕಡೆ, ಬೆಕ್ಕಿರುವ ಮನೆಯಲ್ಲಿ ಫಿನಾಯಿಲ್ ಇರಲೇಬಾರದು. ಫೀನಾಲ್ ಜಾತಿಯ ವಸ್ತುಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು, ಆಮೇಲೆ ಅಂಗಾಲು ನೆಕ್ಕಿಕೊಳ್ಳುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ನೀರಿಗೆ ಹಾಕಿದರೆ ಬೆಳ್ಳಗೆ ಹಾಲಿನಂತಾಗುವ ನಂಜುನಾಶಕಗಳೂ ಹೆಚ್ಚಾಗಿ ಇದೇ ಗುಂಪು. ಬೀರುವಿನಲ್ಲಿಡುವ ನುಸಿಗುಳಿಗೆ, ಕರ್ಪೂರವನ್ನೂ ಮೇಲೆತ್ತಿಡಿ.

ದಿನದ ಕೆಲಸಕ್ಕೆ ಸೋಪುನೀರು ಸಾಕು. ಪಾರ್ವೊ ಅನುಮಾನ ಇದ್ದರೆ ಬ್ಲೀಚ್: ಮೊದಲು ಸೋಪಿನಿಂದ ಕೊಳೆ ತೊಳೆಯಿರಿ, ಆಮೇಲೆ 5 ಪರ್ಸೆಂಟಿನ ಬ್ಲೀಚ್ 1 ಪಾಲು, ನೀರು 31 ಪಾಲು (1 ಲೀಟರಿಗೆ ಸುಮಾರು 30 ಮಿ.ಲೀ.) ಬೆರೆಸಿ ಹಚ್ಚಿ, 10 ನಿಮಿಷ ಒದ್ದೆಯಾಗಿಯೇ ಬಿಟ್ಟು, ನೀರಿನಲ್ಲಿ ತೊಳೆದು ಒಣಗಿಸಿ. ಕೊಳೆಯ ಮೇಲೆ ಬ್ಲೀಚ್ ಹೊಯ್ದರೆ ಕೆಲಸ ಮಾಡುವುದಿಲ್ಲ. ಆಸಿಡ್ ಜೊತೆ ಬೆರೆಸಿದರೆ ವಿಷಾನಿಲ ಬರುತ್ತದೆ. ಅಂದಂದು ಬೆರೆಸಿ, ಉಳಿದದ್ದನ್ನು ಚೆಲ್ಲಿ.

ಜಂತು ಔಷಧ ಯಾವಾಗ ಶುರು ಮಾಡಬೇಕು? ಮಲದಲ್ಲಿ ಹುಳ ಕಾಣ್ತಿಲ್ಲ.

ಕಾಣದಿದ್ದರೂ ಇದೆ ಎಂದೇ ಲೆಕ್ಕ. ದುಂಡುಹುಳುವಿನ ಮರಿಗಳು ತಾಯಿಯ ಹಾಲಿನಲ್ಲೇ ಬರುತ್ತವೆ. ಮೂರನೇ ವಾರಕ್ಕೆ ಮೊದಲ ಡೋಸ್, ಎಂಟು-ಹತ್ತು ವಾರದವರೆಗೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಮುಂದೆ ಮೂರು ತಿಂಗಳಿಗೊಮ್ಮೆ. ಔಷಧ ಸಾಯಿಸುವುದು ಕರುಳಿನಲ್ಲಿರುವ ಹುಳುವನ್ನು. ದೇಹದೊಳಗೆ ಅಲೆದಾಡುತ್ತಿರುವ ಎಳೆಹುಳುಗಳು ಆಮೇಲೆ ಕರುಳಿಗೆ ಇಳಿಯುತ್ತವೆ, ಮರುಡೋಸ್ ಅವಕ್ಕೆ. ಒಂದೇ ಸಲ ಕೊಟ್ಟು "ಆಯ್ತು" ಅಂದವರ ಮರಿಗೆ ತಿಂಗಳೊಳಗೆ ಮತ್ತೆ ಮಡಕೆಹೊಟ್ಟೆ ಬರುವುದು ಇದಕ್ಕೇ.

ಎಳೆಮರಿಗೆ ಪೈರಾಂಟೆಲ್ ದ್ರವ ಅಥವಾ ಫೆನ್‌ಬೆಂಡಜೋಲ್ ವಾಡಿಕೆ. ಎರಡನೆಯದು ಸಾಮಾನ್ಯವಾಗಿ ಕೆ.ಜಿ.ಗೆ 50 ಮಿ.ಗ್ರಾಂ, ಮೂರು ದಿನ ಸತತ. ಲಾಡಿಹುಳುವಿಗೆ ಇವು ಹೆಚ್ಚು ಉಪಯೋಗವಿಲ್ಲ, ಪ್ರಾಜಿಕ್ವಾಂಟೆಲ್ ಬೇಕು. ಗುದದ ಸುತ್ತ ಅಕ್ಕಿಕಾಳಿನಂಥ ತುಂಡು ಅಂಟಿಕೊಂಡು ಅಲುಗಾಡುತ್ತಿದ್ದರೆ, ಒಣಗಿದ ಮೇಲೆ ಎಳ್ಳಿನಂತೆ ಹಾಸಿಗೆಯ ಮೇಲೆ ಉದುರಿದ್ದರೆ ಅದು ಲಾಡಿಹುಳು. ಅದು ಮುಖ್ಯವಾಗಿ ಚಿಗಟ ನುಂಗಿದಾಗ ಬರುವಂಥದ್ದು, ಚಿಗಟ ಹೋಗದೆ ಹುಳು ಹೋಗುವುದಿಲ್ಲ.

ಪ್ರಮಾಣದಲ್ಲಿ ಎಡವುವುದು ಹೀಗೆ: ಬೆಕ್ಕಿನ ಮಾತ್ರೆ ಸಾಮಾನ್ಯವಾಗಿ 4 ಕೆ.ಜಿ.ಗೆ ಒಂದು. ನಿಮ್ಮ ಮರಿ 500 ಗ್ರಾಂ. ಕೊಡಬೇಕಾದ್ದು ಎಂಟನೇ ಒಂದು ಭಾಗ, ಅದನ್ನು ಚಾಕುವಿನಲ್ಲಿ ಸರಿಯಾಗಿ ಕತ್ತರಿಸಲು ಆಗುವುದಿಲ್ಲ. ಇಷ್ಟು ಚಿಕ್ಕದಕ್ಕೆ ದ್ರವ ಔಷಧವನ್ನೇ ಕೇಳಿ. 1 ಮಿ.ಲೀ. ಸಿರಿಂಜ್, ಸೂಜಿ ತೆಗೆದು, ಕೋರೆಹಲ್ಲಿನ ಹಿಂದಿನ ಸಂದಿಯಿಂದ ಹನಿಹನಿಯಾಗಿ ಬಿಡಿ. ತಲೆ ಮೇಲೆತ್ತಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಆಲ್ಬೆಂಡಜೋಲ್ ಮಾತ್ರೆ ಬೇಡವೇ ಬೇಡ. ಬೆಕ್ಕಿನಲ್ಲಿ ಅದು ಮೂಳೆಮಜ್ಜೆಯನ್ನೇ ಕುಗ್ಗಿಸಿದ ಉದಾಹರಣೆಗಳಿವೆ. ಔಷಧ ಕೊಟ್ಟ ಮರುದಿನ ಬೇಯಿಸಿದ ಶಾವಿಗೆಯಂತೆ ಹುಳು ಬಿದ್ದರೆ ಗಾಬರಿ ಬೇಡ, ಔಷಧ ಕೆಲಸ ಮಾಡಿದೆ.

ಲಸಿಕೆ ಯಾವುದು, ಎಷ್ಟು ಸಲ?

ಕಡ್ಡಾಯ ಎರಡು. ಒಂದು ಪ್ಯಾನ್‌ಲ್ಯೂಕೋಪೀನಿಯಾ, ಹರ್ಪಿಸ್, ಕ್ಯಾಲಿಸಿ (ಕೊನೆಯ ಎರಡು ಬೆಕ್ಕಿಗೆ ನೆಗಡಿ ತರುವ ವೈರಸ್‌ಗಳು) ಈ ಮೂರಕ್ಕೂ ಸೇರಿದ ಲಸಿಕೆ. ಕ್ಲಿನಿಕ್ಕುಗಳಲ್ಲಿ "ಟ್ರೈಕ್ಯಾಟ್" ಎಂದೋ "ತ್ರೀ ಇನ್ ಒನ್" ಎಂದೋ ಕರೆಯುತ್ತಾರೆ. ಇನ್ನೊಂದು ರೇಬೀಸ್.

ಜೂನ್ 1ಕ್ಕೆ ಹುಟ್ಟಿದ ಮರಿ ಅಂದುಕೊಳ್ಳಿ. 8 ವಾರಕ್ಕೆ, ಅಂದರೆ ಜುಲೈ 27ಕ್ಕೆ ಮೊದಲ ತ್ರೀ ಇನ್ ಒನ್. ಆಗಸ್ಟ್ 24ಕ್ಕೆ ಎರಡನೆಯದು, ಅದು 12 ವಾರ. ಸೆಪ್ಟೆಂಬರ್ 21ಕ್ಕೆ ಮೂರನೆಯದು, 16 ವಾರ. ರೇಬೀಸ್ 12 ವಾರ ತುಂಬಿದ ಮೇಲೆ. ನವೆಂಬರ್ ಕೊನೆಗೆ, ಆರು ತಿಂಗಳಾದಾಗ ತ್ರೀ ಇನ್ ಒನ್ ಇನ್ನೊಂದು. ರೇಬೀಸ್ ಒಂದು ವರ್ಷಕ್ಕೆ ಮತ್ತೆ, ನಮ್ಮಲ್ಲಿ ಆಮೇಲೆ ವರ್ಷವರ್ಷವೂ ಹಾಕಿಸುವುದೇ ರೂಢಿ. ಮರಿ ಸಿಕ್ಕಾಗಲೇ 16 ವಾರ ದಾಟಿದ್ದರೆ ತ್ರೀ ಇನ್ ಒನ್ ಎರಡು ಸಾಕು, ಮೂರು-ನಾಲ್ಕು ವಾರದ ಅಂತರದಲ್ಲಿ.

ನಮ್ಮ ಡಾಕ್ಟರ್ ಎರಡೇ ಡೋಸ್ ಅಂದರು. ಮೂರನೆಯದು ಯಾಕೆ?

ತಾಯಿಯ ಗಿಣ್ಣುಹಾಲಿನಿಂದ ಬಂದ ರೋಗನಿರೋಧಕ ಅಂಶ ಮರಿಯ ರಕ್ತದಲ್ಲಿ ಕೆಲವು ವಾರ ಇರುತ್ತದೆ. ಅದು ಇರುವವರೆಗೆ ಲಸಿಕೆಯ ವೈರಸ್ಸನ್ನೂ ಹೊಡೆದು ಹಾಕುತ್ತದೆ, ಲಸಿಕೆ ಹಾಕಿಸಿಯೂ ಹಾಕಿಸದಂತೆ. ಒಂದು ಮರಿಯಲ್ಲಿ ಅದು 8 ವಾರಕ್ಕೆ ಇಳಿದರೆ ಇನ್ನೊಂದರಲ್ಲಿ 16 ವಾರಕ್ಕೆ, ಕೆಲವದರಲ್ಲಿ ಇನ್ನೂ ತಡವಾಗಿ. ಹೊರಗಿನಿಂದ ತಿಳಿಯುವ ದಾರಿ ಇಲ್ಲದ್ದರಿಂದ ಮತ್ತೆ ಮತ್ತೆ ಕೊಡುವುದು. ಹಾಗಾಗಿ ಎಣಿಸಬೇಕಾದ್ದು ಡೋಸಿನ ಸಂಖ್ಯೆಯನ್ನಲ್ಲ, ಕೊನೆಯ ಡೋಸ್ 16 ವಾರಕ್ಕೋ ಅದರ ಮೇಲೋ ಬಿದ್ದಿದೆಯೇ ಎಂಬುದನ್ನು. ಆರು ಮತ್ತು ಒಂಬತ್ತನೇ ವಾರಕ್ಕೆ ಎರಡು ಹಾಕಿಸಿ ನಿಲ್ಲಿಸಿದ ಮರಿ ಐದನೇ ತಿಂಗಳಿಗೆ ಪಾರ್ವೊಗೆ ಸಿಕ್ಕರೆ ತಪ್ಪು ಲಸಿಕೆಯದ್ದಲ್ಲ.

ಲಸಿಕೆ ಹಾಕುವಾಗ ನಾವು ಏನನ್ನು ಗಮನಿಸಬೇಕು?

ತ್ರೀ ಇನ್ ಒನ್ ಸಾಮಾನ್ಯವಾಗಿ ಎರಡು ಪುಟ್ಟ ಬಾಟಲಿಗಳಲ್ಲಿ ಬರುತ್ತದೆ. ಒಂದರ ತಳದಲ್ಲಿ ಬತ್ತಾಸಿನ ಚೂರಿನಂಥ ಬಿಳಿ ಗಟ್ಟಿ, ಇನ್ನೊಂದರಲ್ಲಿ ಬಣ್ಣವಿಲ್ಲದ ದ್ರವ. ನಿಮ್ಮ ಕಣ್ಣೆದುರೇ ಫ್ರಿಜ್ಜಿನಿಂದ ತೆಗೆದು, ದ್ರವವನ್ನು ಬಿಳಿ ಬಾಟಲಿಗೆ ಸೇರಿಸಿ, ಕರಗಿದ ಕೂಡಲೇ ಚುಚ್ಚಬೇಕು. ಇದು ಜೀವಂತ ವೈರಸ್. 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡದಿದ್ದರೆ, ಬೆರೆಸಿ ಹಾಗೇ ಬಿಟ್ಟರೆ ಸಾಯುತ್ತದೆ. ಬ್ಯಾಗಿನಿಂದ ಮೊದಲೇ ತುಂಬಿದ ಸಿರಿಂಜ್ ಹೊರಬಂದರೆ ಕೇಳುವ ಹಕ್ಕು ನಿಮಗಿದೆ. ಕೆ.ಜಿ. ತೂಕದ ಮರಿಗೆ ಅರ್ಧ ಡೋಸ್ ಎಂಬುದೂ ಇಲ್ಲ, ಲಸಿಕೆ ತೂಕದ ಲೆಕ್ಕದ್ದಲ್ಲ.

ಬಾಟಲಿಯ ಮೇಲಿನ ಸ್ಟಿಕ್ಕರ್ ಕಿತ್ತು ಕಾರ್ಡಿಗೆ ಅಂಟಿಸಿ, ತಾರೀಖು, ಸಹಿ ಹಾಕಿಸಿಕೊಳ್ಳಿ. ಆ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ಅಂದು ಜ್ವರ ಅಥವಾ ಬೇಧಿ ಇದ್ದರೆ ಮುಂದೂಡುವುದೇ ಸರಿ.

ಸೂಜಿ ಹಾಕಿಸಿದ ಮೇಲೆ ಮರಿ ಮಂಕಾಗಿದೆ.

ಒಂದು ದಿನ, ಹೆಚ್ಚೆಂದರೆ ಎರಡು ದಿನ ಮಲಗುವುದು, ಕಡಿಮೆ ತಿನ್ನುವುದು ಸಹಜ. ಮುಖ ಊದಿಕೊಂಡರೆ, ಮೇಲಿಂದ ಮೇಲೆ ವಾಂತಿಯಾದರೆ, ಉಸಿರಿಗೆ ಕಷ್ಟಪಟ್ಟರೆ ತಕ್ಷಣ ವಾಪಸ್ ಓಡಿ. ಇಂಥದ್ದು ಹೆಚ್ಚಾಗಿ ಮೊದಲ ಅರ್ಧ ಗಂಟೆಯಲ್ಲೇ ಆಗುವುದರಿಂದ ಕ್ಲಿನಿಕ್ಕಿನ ಬಳಿಯೇ ಅಷ್ಟು ಹೊತ್ತು ಕೂತಿರಿ. ಚುಚ್ಚಿದ ಜಾಗದಲ್ಲಿ ಗಂಟು ಬಂದು ಮೂರು ತಿಂಗಳಾದರೂ ಹೋಗದಿದ್ದರೆ, 2 ಸೆಂ.ಮೀ. ಮೀರಿದ್ದರೆ, ಇಲ್ಲವೇ ಒಂದು ತಿಂಗಳ ಮೇಲೂ ಬೆಳೆಯುತ್ತಿದ್ದರೆ ಪರೀಕ್ಷೆ ಮಾಡಿಸಬೇಕು.

ಮನೆಯಿಂದ ಹೊರಗೇ ಬಿಡಲ್ಲ. ರೇಬೀಸ್ ಲಸಿಕೆ ಬೇಕೇ?

ಬೇಕು. ಬೆಕ್ಕು ಬಾಗಿಲಲ್ಲಿ ನುಸುಳಿ ಒಂದು ರಾತ್ರಿ ಹೊರಗಿದ್ದು ಬರುವುದು ಎಲ್ಲ ಮನೆಯಲ್ಲೂ ನಡೆಯುವಂಥದ್ದು. ರೇಬೀಸ್ ಬಂದ ಮೇಲೆ ಬೆಕ್ಕಿಗೂ ಮನುಷ್ಯನಿಗೂ ಚಿಕಿತ್ಸೆ ಇಲ್ಲ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ.

ಮರಿ ಪರಚಿತು, ಕಚ್ಚಿತು. ಇನ್ನೂ ಲಸಿಕೆ ಆಗಿಲ್ಲ.

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಪೂರ್ತಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಸಿನ, ಸುಣ್ಣ, ಖಾರದಪುಡಿ ಯಾವುದೂ ಬೇಡ. ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಸರ್ಕಾರಿ ಆಸ್ಪತ್ರೆಗೋ ಹೋಗಿ. ರಕ್ತ ಬಂದಿದ್ದರೆ ಲಸಿಕೆಯ ಜೊತೆ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕಾಗುತ್ತದೆ, ಕೇಳಿ. ಮರಿಯನ್ನು 10 ದಿನ ಕಣ್ಣಳತೆಯಲ್ಲಿ ಇಡಿ, ಆದರೆ ನಿಮ್ಮ ಸೂಜಿಯನ್ನು ಅದಕ್ಕಾಗಿ ಕಾಯಿಸಬೇಡಿ.

ಮೈತುಂಬ ಚಿಗಟ. ನಾಯಿಗೆ ಹಾಕುವ ಪೌಡರ್ ಇದೆ, ಸ್ವಲ್ಪ ಹಾಕಲೇ?

ಬೇಡ. ನಾಯಿಯ ಎಷ್ಟೋ ಪೌಡರ್, ಶಾಂಪೂ, ಕತ್ತಿನ ಮೇಲೆ ಬಿಡುವ ಹನಿಗಳಲ್ಲಿ ಪರ್ಮೆತ್ರಿನ್ ಎಂಬ ಕೀಟನಾಶಕ ಇರುತ್ತದೆ. ನಾಯಿಗೆ ಏನೂ ಮಾಡದ ಪ್ರಮಾಣ ಬೆಕ್ಕಿಗೆ ನಡುಕ, ಫಿಟ್ಸ್, ಸಾವು ತರುತ್ತದೆ. ಹಾಕಿಬಿಟ್ಟಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಟವೆಲ್ ಸುತ್ತಿ, ಪ್ಯಾಕೆಟ್ ಸಮೇತ ಆಸ್ಪತ್ರೆಗೆ ಒಯ್ಯಿರಿ. ಬೇವಿನೆಣ್ಣೆಯೂ ಬೇಡ, ನೆಕ್ಕಿಕೊಂಡು ಕಾಯಿಲೆ ಬೀಳುತ್ತದೆ.

ಕೂದಲ ಬುಡದಲ್ಲಿ ಕರಿಪುಡಿ ಮಾತ್ರ ಕಾಣುತ್ತಿದ್ದರೆ ಅದನ್ನು ಒದ್ದೆ ಹತ್ತಿಯ ಮೇಲೆ ಉದುರಿಸಿ. ಸುತ್ತ ಕೆಂಪು-ಕಂದು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ನಿಮ್ಮ ಮರಿಯದೇ ರಕ್ತ. ಅರ್ಧ ಕೆ.ಜಿ. ಮರಿಯಲ್ಲಿ ಇರುವ ರಕ್ತ 30 ಮಿ.ಲೀ. ಆಸುಪಾಸು, ಎರಡು ದೊಡ್ಡ ಚಮಚ. ಒಸಡು ಬೆಳ್ಳಗಾಗಿದ್ದರೆ ಚಿಗಟವೇ ಪ್ರಾಣ ತೆಗೆಯುವ ಹಂತ ಅದು.

ಆರು ವಾರದೊಳಗಿನ ಮರಿಗೆ ವೈದ್ಯರು ಹೇಳದೆ ಔಷಧ ಬೇಡ, ಹೇನಿನ ಬಾಚಣಿಗೆಯೇ ಗತಿ: ಬಾಚಿ, ಸಿಕ್ಕ ಚಿಗಟವನ್ನು ಸೋಪುನೀರಿನ ಬಟ್ಟಲಿಗೆ ಹಾಕಿ. ಆರು ವಾರದ ಮೇಲೆ ಸೆಲಾಮೆಕ್ಟಿನ್ ಹನಿ ಬಳಸಬಹುದು, ಕಿವಿನುಸಿಗೂ ಅದೇ ಆಗುತ್ತದೆ. ಬೆಕ್ಕಿನ ಫಿಪ್ರೊನಿಲ್ ಹನಿಗೆ 8 ವಾರ ಮತ್ತು 1 ಕೆ.ಜಿ. ಎರಡೂ ಆಗಿರಬೇಕು. ಹಚ್ಚುವುದು ತಲೆಬುರುಡೆಯ ಕೆಳಗೆ ಕತ್ತಿನ ಹಿಂದೆ, ಕೂದಲು ಸರಿಸಿ ಚರ್ಮಕ್ಕೆ. ಹಾಸಿಗೆಬಟ್ಟೆ ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯದಿದ್ದರೆ ಮೊಟ್ಟೆಗಳು ಅಲ್ಲೇ ಉಳಿದು ಮತ್ತೆ ಏರುತ್ತವೆ.

ಹಸುವಿನ ಹಾಲು, ಮೊಸರನ್ನ ಹಾಕಿದರೆ ಸಾಲದೇ? ನಾವು ಸಸ್ಯಾಹಾರಿಗಳು.

ಹಸುವಿನ ಹಾಲಿನ ಲ್ಯಾಕ್ಟೋಸ್ ಅರಗದೆ ಬೇಧಿಯಾಗುತ್ತದೆ, ಪುಟ್ಟ ಮರಿಗೆ ಬೇಧಿಯಲ್ಲಿ ಹೋಗುವ ನೀರೇ ಅಪಾಯ. ನಾಲ್ಕು ವಾರದೊಳಗಿನ ಅನಾಥ ಮರಿಗೆ ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ ಬೇಕು. ಅದನ್ನು ಬೋರಲಾಗಿ ಮಲಗಿಸಿಯೇ ಕುಡಿಸಬೇಕು, ಕೂಸಿನಂತೆ ಅಂಗಾತ ಹಿಡಿದಲ್ಲ. ಮೈ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಆಮೇಲೆ ಹಾಲು. ತಣ್ಣಗಿರುವ ಹೊಟ್ಟೆ ಅರಗಿಸುವುದಿಲ್ಲ.

ಮೊಸರನ್ನದ ವಿಷಯ ನೇರವಾಗಿಯೇ ಹೇಳಬೇಕು. ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು, ಅದು ಇರುವುದು ಮಾಂಸ-ಮೀನಿನಲ್ಲಿ. ಇಲ್ಲದೆ ತಿಂಗಳುಗಟ್ಟಲೆ ಕಳೆದರೆ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಕ್ಯಾರೆಟ್ಟಿನಿಂದ ವಿಟಮಿನ್ ಎ ಮಾಡಿಕೊಳ್ಳಲೂ ಅದಕ್ಕೆ ಬಾರದು. ಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ "ಕಿಟನ್" ಮತ್ತು "ಕಂಪ್ಲೀಟ್" ಎಂದು ಬರೆದ ಪ್ಯಾಕೆಟ್ ಆಹಾರ ಹಾಕಿ, ದಿನಕ್ಕೆ ನಾಲ್ಕು ಸಲ. ನಾಯಿಯ ಆಹಾರ ಇದಕ್ಕೆ ಆಗದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರನ್ನ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ಜ್ವರಕ್ಕೆ ಪ್ಯಾರಾಸಿಟಮಾಲ್, ಕಣ್ಣಿಗೆ ನಮ್ಮದೇ ಡ್ರಾಪ್ಸ್ ಹಾಕಬಹುದೇ?

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಲ್ಲದು. ರಕ್ತ ಆಮ್ಲಜನಕ ಹೊರಲಾರದೆ ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಮೆಡಿಕಲ್ ಶಾಪಿನ ಕಣ್ಣಿನ ಹನಿಗಳಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೆರಾಯ್ಡ್ ಬೆರೆತಿರುವುದು ಹೆಚ್ಚು. ಮರಿಯ ಕಣ್ಣುಬೇನೆಗೆ ಕಾರಣ ಬಹಳ ಸಲ ಹರ್ಪಿಸ್, ಅದರ ಮೇಲೆ ಸ್ಟೆರಾಯ್ಡ್ ಬಿದ್ದರೆ ಕಾರ್ನಿಯಾದ ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು. ಕಾಯಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ, ಪಿಸುರು ಮೆತ್ತಗಾಗುವವರೆಗೆ ಇಟ್ಟು, ಮೂಗಿನ ಕಡೆಯಿಂದ ಹೊರಕ್ಕೆ ಒರೆಸಿ. ಕಣ್ಣಿಗೊಂದು ಹತ್ತಿ. ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ.

ಆಪರೇಷನ್ ಯಾವಾಗ? ಒಂದು ಸಲ ಮರಿ ಹಾಕಿಸಬೇಕಂತೆ?

ಬೇಕಿಲ್ಲ, ಆ ಮಾತಿಗೆ ಆಧಾರವಿಲ್ಲ. ಹೆಣ್ಣು ನಾಲ್ಕನೇ ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಒಂಬತ್ತು ವಾರ. ನಾಲ್ಕರಿಂದ ಐದು ತಿಂಗಳೊಳಗೆ, ತೂಕ 2 ಕೆ.ಜಿ. ಬಳಿ ಬಂದಾಗ ಮಾಡಿಸಿ. ಆರು ತಿಂಗಳೊಳಗೆ ಮಾಡಿಸಿದರೆ ಮೊಲೆಗೆಡ್ಡೆಯ ಅಪಾಯ ಬಹುಪಾಲು ತಪ್ಪುತ್ತದೆ, ಬೆಕ್ಕಿನಲ್ಲಿ ಅವು ಹೆಚ್ಚಾಗಿ ಕ್ಯಾನ್ಸರೇ. ಗಂಡಿಗೆ ಇದೇ ವಯಸ್ಸಿನಲ್ಲಿ ಮಾಡಿಸಿದರೆ ಗೋಡೆಗೆ ಉಚ್ಚೆ ಹಾರಿಸುವ ಚಾಳಿ ಬೇರೂರುವುದಿಲ್ಲ.

ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಡಿ. ಇಷ್ಟು ಚಿಕ್ಕದಕ್ಕೆ ಮೂರು-ನಾಲ್ಕು ಗಂಟೆ ಸಾಕು, ಹೆಚ್ಚಾದರೆ ಸಕ್ಕರೆ ಅಂಶ ಕುಸಿಯುತ್ತದೆ. ಹೊಲಿಗೆ ನೆಕ್ಕದಂತೆ ಕೊರಳಪಟ್ಟಿ 10 ದಿನ.

ಮನೆಯಲ್ಲಿ ಗರ್ಭಿಣಿ ಇದ್ದಾರೆ. ಮರಿಯನ್ನು ಬಿಟ್ಟುಬಿಡಬೇಕೇ?

ಬಿಡಬೇಕಿಲ್ಲ. ಬೆಕ್ಕಿನ ಮಲದಲ್ಲಿ ಬರುವ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಹೊರಬಿದ್ದ ಕೂಡಲೇ ಅಂಟುವುದಿಲ್ಲ, ಒಂದರಿಂದ ಐದು ದಿನ ಹಿಡಿಯುತ್ತದೆ. ದಿನವೂ ಟ್ರೇ ಬಳಿಯುವ ಕೆಲಸ ಬೇರೆಯವರು ಮಾಡಲಿ, ಮರಿಗೆ ಹಸಿಮಾಂಸ ಬೇಡ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪು ಇವುಗಳ ಮೇಲೂ ಅಷ್ಟೇ ನಿಗಾ ಇರಲಿ.

ಬಾಯಲ್ಲಿ ದಾರ ನೇತಾಡ್ತಿದೆ. ಎಳೆದುಬಿಡಲೇ?

ಎಳೆಯಬೇಡಿ. ಹೂಮಾಲೆಯ ದಾರ, ಹೊಲಿಗೆ ನೂಲು ನುಂಗಿದಾಗ ಒಂದು ತುದಿ ನಾಲಿಗೆಯ ಬುಡಕ್ಕೆ ಸಿಕ್ಕಿಕೊಂಡು, ಉಳಿದದ್ದು ಕರುಳನ್ನು ನಿರಿಗೆಯಂತೆ ಸುಕ್ಕುಗಟ್ಟಿಸಿರುತ್ತದೆ. ಎಳೆದರೆ ಕರುಳು ಕೊಯ್ಯುತ್ತದೆ. ಗುದದಿಂದ ನೇತಾಡುತ್ತಿದ್ದರೂ ಅಷ್ಟೆ. ಹಾಗೆಯೇ ಕರೆದೊಯ್ಯಿರಿ. ದೇವರಿಗೆ ಮುಡಿಸಿ ಬಾಡಿದ ಮಾಲೆಯನ್ನು ಮುಚ್ಚಳವಿರುವ ಡಬ್ಬಿಗೆ ಹಾಕುವ ಅಭ್ಯಾಸ ಮಾಡಿಕೊಳ್ಳಿ.

ರಾತ್ರಿಯಾದರೂ ಕಾಯದೆ ಓಡಬೇಕಾದ್ದು ಯಾವಾಗ?

ಬಾಯಿ ತೆರೆದು ಉಸಿರಾಡಿದರೆ. ಒಸಡು ಬಿಳಿ, ನೀಲಿ ಅಥವಾ ಕಂದಾದರೆ. 12 ಗಂಟೆ ಏನೂ ತಿನ್ನದಿದ್ದರೆ. ನೀರಿನ ಬಟ್ಟಲ ಮೇಲೆ ತಲೆ ಬಾಗಿಸಿ ಕೂತು, ಕುಡಿಯದೆ ಹಾಗೇ ಇದ್ದರೆ: ಪಾರ್ವೊದ ಮರಿ ಕೂರುವ ಭಂಗಿ ಅದು. ಗಂಡುಮರಿ ಟ್ರೇನಲ್ಲಿ ತಿಣುಕಿ ಉಚ್ಚೆ ಬರದಿದ್ದರೆ. ಗುದದಲ್ಲಿಟ್ಟ ಥರ್ಮಾಮೀಟರ್ 103.5 ಫ್ಯಾರನ್‌ಹೀಟ್ ದಾಟಿದರೆ ಅಥವಾ 99ಕ್ಕಿಂತ ಇಳಿದರೆ; 100.5ರಿಂದ 102.5 ಸಹಜ. ಮರಿ ಜೋತುಬಿದ್ದಿದ್ದರೆ ದಾರಿಯಲ್ಲಿ ಒಸಡಿಗೆ ಒಂದೆರಡು ಹನಿ ಸಕ್ಕರೆಪಾಕ ಸವರಿ, ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಪಕ್ಕಕ್ಕಿಡಿ.

ಮುಂದೆ ವಿದೇಶಕ್ಕೆ ಕರೆದೊಯ್ಯುವ ಯೋಚನೆ ಇದೆ. ಈಗಲೇ ಮಾಡಬೇಕಾದ್ದೇನಾದರೂ ಇದೆಯೇ?

ರೇಬೀಸ್ ಲಸಿಕೆಗೆ ಮೊದಲು 15 ಅಂಕಿಯ ಐಎಸ್‌ಒ ಮೈಕ್ರೋಚಿಪ್ (ಚರ್ಮದಡಿ ಕೂರಿಸುವ ಗುರುತಿನ ಚಿಪ್) ಹಾಕಿಸಿ. ಯುರೋಪಿಯನ್ ಒಕ್ಕೂಟದ ದೇಶಗಳು ಚಿಪ್‌ಗೆ ಮೊದಲು ಹಾಕಿಸಿದ ಲಸಿಕೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಭಾರತದಿಂದ ಅಲ್ಲಿಗೆ ಹೋಗುವ ಬೆಕ್ಕಿಗೆ ಲಸಿಕೆಯಾಗಿ ಕನಿಷ್ಠ 30 ದಿನದ ಮೇಲೆ ರೇಬೀಸ್ ಪ್ರತಿಕಾಯದ ರಕ್ತಪರೀಕ್ಷೆ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯುವಿಕೆ. ಟಿಕೆಟ್ ಬುಕ್ ಮಾಡುವ ಮುನ್ನ ಕನಿಷ್ಠ ಐದಾರು ತಿಂಗಳು ಕೈಯಲ್ಲಿರಲಿ.